ಬೈಯುತ್ತಿದ್ದ ಡಾಕ್ಟ್ರು

ಡಾಕ್ಟ್ರು ತೀರಿಕೊಂಡ ಮೇಲೆ ನಮ್ಮ ಶಿಡ್ಲಘಟ್ಟದ ಸ್ಕೂಲೊಂದರ ಹಾಲಿನಲ್ಲಿ ಸಂತಾಪ ಸಭೆ ಇಟ್ಟಿದ್ದರು. ನನ್ನನ್ನೂ ಕರೆಸಿ ಮುಂದಿನ ಸಾಲಿನಲ್ಲಿ ಕೂರಿಸಿದರು. ಹದಿಮೂರು ವರ್ಷ ಅವರ ಕೈಕೆಳಗೆ ದುಡಿದ ನರ್ಸಮ್ಮ ಅಂದಮೇಲೆ ಅಷ್ಟಾದರೂ ಮರ್ಯಾದೆ ಬೇಡವೇ? ಮಾತಾಡಿದವರೆಲ್ಲ ಒಂದೇ ರಾಗ ಎಳೆದರು. ದೇವರಂಥ ಮನುಷ್ಯ, ಬೆಣ್ಣೆಯಂಥ ಮನಸ್ಸು, ಹೆತ್ತವರ ಪಾಲಿಗೆ ಅಣ್ಣನ ಹಾಗಿದ್ದರು ಅಂತ. ಒಬ್ಬ ಮಹಾಶಯರಂತೂ ಮೈಕಿನ ಮುಂದೆ ಕಣ್ಣೊರೆಸಿಕೊಂಡು, "ಜೀವಮಾನದಲ್ಲಿ ಒಬ್ಬ ತಾಯಿಯ ಮೇಲೂ ಅವರು ದನಿ ಎತ್ತಿದವರಲ್ಲ" ಎಂದರು. ನನಗೆ ನಗು ತಡೆಯಲಾಗಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡೆ. ಪಕ್ಕದ ಹೆಂಗಸು, ಪಾಪ ಅಳುತ್ತಿದ್ದಾಳೆ ಎಂದುಕೊಂಡು ನನ್ನ ಬೆನ್ನು ಸವರಿದಳು.

ದನಿ ಎತ್ತಿದವರಲ್ಲವಂತೆ! ಆ ಮಹಾಶಯರ ಹೆಂಡತಿಯೇ ಹಿಂದೊಮ್ಮೆ ಡಾಕ್ಟ್ರ ಕೈಲಿ ಬೈಸಿಕೊಂಡು, ಮೂಗು ಒರೆಸಿಕೊಳ್ಳುತ್ತಾ ನಮ್ಮ ಬಾಗಿಲು ದಾಟಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಜನಕ್ಕೆ ಮರೆವು ಅಂದರೆ ಹೀಗೆ. ಕೊನೆಯ ಕೆಲವು ವರ್ಷ ಕಂಡದ್ದನ್ನೇ ಇಡೀ ಜನ್ಮಕ್ಕೆ ಹೊದಿಸಿಬಿಡುತ್ತಾರೆ. ನಾನು ಆ ಸಭೆಯಲ್ಲಿ ಮಾತಾಡಲಿಲ್ಲ. ಮಾತಾಡಿ ಅಂತ ಎರಡು ಸಲ ಕೇಳಿದರು, ಗಂಟಲು ಕಟ್ಟಿದೆ ಅಂತ ಕೈಸನ್ನೆ ಮಾಡಿದೆ. ಅಲ್ಲಿ ಹೇಳದ್ದನ್ನು ಇಲ್ಲಿ ಬರೆಯುತ್ತೇನೆ.

ಅವರು ನಮ್ಮೂರಿಗೆ ಬಂದದ್ದು ಐವತ್ತರ ದಶಕದ ನಡುವಿನಲ್ಲಿ. ಮದ್ರಾಸಿನಲ್ಲಿ ಓದಿದವರು. ಬಾಡಿಗೆಗೆ ಹಿಡಿದ ಹೆಂಚಿನ ಮನೆಯ ಮುಂದೆ "ಮಕ್ಕಳ ವೈದ್ಯರು" ಎಂದು ಬೋರ್ಡು ಬರೆಸಿದಾಗ ಊರಿಗೆ ಊರೇ ನಕ್ಕಿತು. "ಮಕ್ಳಿಗೆ ಬ್ಯಾರೆ ಡಾಕ್ಟ್ರಾ? ಹಂಗಾದ್ರೆ ಮುದುಕ್ರಿಗೂ ಒಬ್ಬ ಬರ್ಬೇಕಲ್ಲಪ್ಪ" ಅಂತ ಅಂಗಡಿ ಕಟ್ಟೆಗಳ ಮೇಲೆ ತಮಾಷೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಚಿಂತಾಮಣಿಯಿಂದ, ಚಿಕ್ಕಬಳ್ಳಾಪುರದಿಂದ, ಒಮ್ಮೊಮ್ಮೆ ಗೌರಿಬಿದನೂರಿನಿಂದಲೂ ಜನ ಮಕ್ಕಳನ್ನು ಕಂಕುಳಲ್ಲಿಟ್ಟುಕೊಂಡು ಬಸ್ಸಿಳಿಯತೊಡಗಿದರು. ನಕ್ಕವರೇ ದಾರಿ ತೋರಿಸುತ್ತಿದ್ದರು.

ಮಕ್ಕಳ ಹತ್ತಿರ ಅವರು ನಡೆದುಕೊಳ್ಳುತ್ತಿದ್ದ ರೀತಿಯನ್ನು ನೋಡಲೆಂದೇ ಕೆಲವರು ಬಾಗಿಲಲ್ಲಿ ನಿಲ್ಲುತ್ತಿದ್ದರು. ಕುರ್ಚಿ ಮೇಲೆ ಕೂತು ಮಗು ನೋಡಿದ್ದನ್ನು ನಾನು ಕಾಣೆ. ತಾಯಿ ನೆಲದ ಮೇಲೆ ಕೂತರೆ ಎದುರಿಗೆ ತಾವೂ ಕುಕ್ಕರಗಾಲಲ್ಲಿ ಕೂರುವರು. ಸ್ಟೆತಾಸ್ಕೋಪಿನ ಬಿಲ್ಲೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಬೆಚ್ಚಗೆ ಮಾಡುವರು. ಎರಡು ವರ್ಷದ ಕೂಸಿಗೆ, "ಏನ್ ಸಾಹುಕಾರ್ರೆ, ಹೊಟ್ಟೆ ಮುಟ್ಟಿ ನೋಡ್ಲಾ? ಅಪ್ಪಣೆ ಆಯ್ತಾ?" ಅಂತ ಕೇಳುವರು. ಕೂಸು ತಲೆ ಆಡಿಸುವ ತನಕ ಮುಟ್ಟುತ್ತಿರಲಿಲ್ಲ. ಔಷಧಿ ಕಹಿ ಅಂತ ಮಗು ಮುಖ ತಿರುವಿದರೆ ತಾವೊಂದು ಚಮಚ ಕುಡಿದು, "ಹೌದಪ್ಪಾ, ಥೂ, ಕಹಿನೇ. ಇಬ್ಬರೂ ಸೇರಿ ಕುಡಿಯೋಣ" ಎನ್ನುವರು. ಸುಳ್ಳು ಹೇಳಿ ಕುಡಿಸಿದ್ದು ಇಲ್ಲ. ಮಕ್ಕಳೂ ಅವರ ಕೈಲಿ ಸೂಜಿ ಚುಚ್ಚಿಸಿಕೊಂಡು, ಅತ್ತು, ಆಮೇಲೆ ಅವರ ತೊಡೆ ಮೇಲೇ ಕೂತುಬಿಡುತ್ತಿದ್ದವು.

ತಾಯಿಯ ಕಡೆ ತಿರುಗಿದರೋ, ಮುಗಿಯಿತು. ಅದೇ ಬಾಯಿ ಅಂತ ನಂಬಲಾಗುತ್ತಿರಲಿಲ್ಲ.

"ಹೆರೋದಕ್ಕೆ ಬರುತ್ತೆ, ಸಾಕೋದಕ್ಕೆ ಬರಲ್ವಾ ನಿಂಗೆ?" ಇದು ಅವರ ಪಲ್ಲವಿ. ಭೇದಿಯಾದ ಮಗುವಿಗೆ ನೀರು ಕೊಟ್ಟರೆ ಭೇದಿ ಜಾಸ್ತಿಯಾಗುತ್ತೆ ಅಂತ ಒಂದು ಹನಿ ನೀರು ಬಿಡದೆ ಒಣಗಿಸಿಕೊಂಡು ತರುತ್ತಿದ್ದರು ನಮ್ಮ ಕಡೆ. ಅಂಥವರು ಬಂದರೆ ಇಡೀ ಕೋಣೆಗೆ ಕೇಳುವ ಹಾಗೆ, "ಹುಳಕ್ಕಾದ್ರೆ ಹೊತ್ತುಹೊತ್ತಿಗೆ ಸೊಪ್ಪು ಹಾಕ್ತೀಯ. ಈ ಕೂಸಿಗೆ ನೀರು ಹಾಕೋಕೆ ಕೈಗೇನಾಗಿತ್ತು? ಇದೇನು ಗೂಡು ಕಟ್ಟಲ್ಲ ಅಂತಾನಾ?" ಎನ್ನುವರು. ಮನೆಮನೆಯಲ್ಲೂ ರೇಷ್ಮೆ ಹುಳು ಸಾಕುವ ಸೀಮೆ ನಮ್ಮದು. ಆ ಮಾತು ಎಲ್ಲಿ ನಾಟಬೇಕೋ ಅಲ್ಲೇ ನಾಟುತ್ತಿತ್ತು.

ಬಾಗಿಲ ಪಕ್ಕದಲ್ಲಿ ಒಂದು ಬೆಂಚಿತ್ತು. ಮಗುವಿಗೆ ಬರೆ ಹಾಕಿದವಳು, ನೀರು ಬಿಡದೆ ಒಣಗಿಸಿದವಳು, ತಾಯಿತ ಕಟ್ಟಿಸುತ್ತಾ ನಾಲ್ಕು ದಿನ ಕಳೆದು ಬಂದವಳು, ಇವರೆಲ್ಲ ಮಗುವಿಗೆ ಔಷಧಿಯಾದ ಮೇಲೂ ಮನೆಗೆ ಹೋಗುವಂತಿರಲಿಲ್ಲ. ಕೊನೆಯ ರೋಗಿ ಹೋಗುವ ತನಕ ಆ ಬೆಂಚಿನ ಮೇಲೆ ಕೂರಬೇಕು. ಹೊಸದಾಗಿ ಒಳಗೆ ಬಂದ ಪ್ರತಿ ತಾಯಿಗೂ ಡಾಕ್ಟ್ರು ಬೆರಳು ತೋರಿಸಿ, "ನೋಡ್ಕೊಳಮ್ಮ, ಈಕೆ ಏನ್ ಮಾಡಿದಾಳೆ ಗೊತ್ತಾ?" ಅಂತ ಶುರು ಮಾಡುವರು. ಒಂದು ಬೆಳಗಿಗೆ ಮೂವತ್ತು ಸಲ ಆ ಕತೆ ಹೇಳಿದ್ದುಂಟು. ನಾಚಿಕೆಯಾದರೆ ಮತ್ತೊಂದು ಸಲ ಮಾಡಲ್ಲ ಅನ್ನುವುದು ಅವರ ಶಾಸ್ತ್ರ.

ಸುಳ್ಳು ಯಾಕೆ ಹೇಳಲಿ, ನನಗೂ ಅದು ಹಿತವಾಗಿತ್ತು. ಹದಿನಾರಕ್ಕೆ ಗಂಡನನ್ನು ಕಳೆದುಕೊಂಡು, ಅಣ್ಣನ ಮನೆಯಲ್ಲಿ ಅತ್ತಿಗೆಯ ಎದುರು ಕೈಕಟ್ಟಿ ನಿಂತು, ಆಮೇಲೆ ನರ್ಸು ತರಬೇತಿ ಮಾಡಿ ಬಂದವಳು ನಾನು. ಮಡಿಲು ತುಂಬಿದ ಹೆಂಗಸರು ನನ್ನೆದುರು ತಲೆ ತಗ್ಗಿಸಿ ಕೂತದ್ದನ್ನು ನೋಡುವಾಗ ಒಳಗೊಳಗೇ ಏನೋ ತಂಪಾಗುತ್ತಿತ್ತು. ಬೆಂಚಿನ ಮೇಲೆ ಕೂತವಳು ನೀರು ಕೇಳಿದರೂ ತಡವಾಗಿ ಕೊಡುತ್ತಿದ್ದೆ. ಥೂ, ನನ್ನ ಬುದ್ಧಿಗೆ.

ಮುನಿರತ್ನಮ್ಮ ಅಂತ ಒಬ್ಬಳು. ಕೆಂಚಾರ್ಲಹಳ್ಳಿಯ ಹೆಣ್ಣು, ನಮ್ಮೂರಿಂದ ಚಿಂತಾಮಣಿ ರಸ್ತೆಯಲ್ಲಿ ಒಂದೆರಡು ಹರಿದಾರಿ ದೂರದ ಹಳ್ಳಿಗೆ ಸೊಸೆಯಾಗಿ ಬಂದಿದ್ದಳು. ಮೊದಲ ಸಲ ಬಂದಾಗ ಅವಳ ಮಗಳಿಗೆ ವರ್ಷ ತುಂಬಿರಲಿಲ್ಲ. ಹೊಟ್ಟೆಯುಬ್ಬರಕ್ಕೆ ಅಂತ ಅತ್ತೆ ಕಾದ ಬಳೆಚೂರಿನಿಂದ ಕೂಸಿನ ಹೊಟ್ಟೆ ಮೇಲೆ ಐದು ಬರೆ ಹಾಕಿಸಿದ್ದಳು. ಮಾಡಿದ್ದು ಅತ್ತೆ, ಬೆಂಚಿನ ಮೇಲೆ ಕೂತದ್ದು ಮುನಿರತ್ನಮ್ಮ. ಬೆಳಿಗ್ಗೆ ಒಂಬತ್ತರಿಂದ ಒಂದೂವರೆ ತನಕ ಡಾಕ್ಟ್ರು ಅವಳ ಕೈಲೇ ಮಗುವಿನ ಅಂಗಿ ಎತ್ತಿಸಿ ಬಂದವರಿಗೆಲ್ಲ ತೋರಿಸಿದರು. ಮಗು ಉಳಿಯಿತು. ಹೋಗುವಾಗ ಡಾಕ್ಟ್ರ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಮುಖ ಮಾತ್ರ ಬೇಯಿಸಿದ ಗೆಣಸಿನ ಹಾಗೆ ಕಂದಿಹೋಗಿತ್ತು.

ಎರಡು ವರ್ಷದ ಮೇಲೆ ಮತ್ತೆ ಬಂದಳು. ಈ ಸಲ ಎಂಟು ತಿಂಗಳ ಗಂಡು ಕೂಸು, ಎರಡು ದಿನದಿಂದ ಭೇದಿ. ಮಾವ ಎತ್ತಿನ ಗಾಡಿ ಕಟ್ಟಿಕೊಂಡು ಬಂದಿದ್ದ.

ಇಲ್ಲಿ ಒಂದು ವಿಷಯ ಹೇಳಬೇಕು. ರೇಷ್ಮೆ ಹುಳು ನಾಲ್ಕನೇ ಸಲ ಪೊರೆ ಬಿಟ್ಟು ಎದ್ದ ಮೇಲೆ ಒಂದು ವಾರ ಅದಕ್ಕೆ ರಾಕ್ಷಸ ಹಸಿವು. ಮನೆಮಂದಿಯೆಲ್ಲ ಸೊಪ್ಪು ತರುವುದು, ಹಾಕುವುದು, ಹಿಕ್ಕೆ ತೆಗೆಯುವುದು, ಮತ್ತೆ ಹಾಕುವುದು. ಆ ವಾರದಲ್ಲಿ ಕೈಗೂಸು ಅತ್ತರೆ ಎತ್ತಿಕೊಳ್ಳುವವರು ಯಾರು? ಅದಕ್ಕೇ ಗಸಗಸೆ ಕಾಯಿಯ ಸಿಪ್ಪೆ ಕುದಿಸಿ, ಕಷಾಯ ಸೋಸಿ, ಮಗುವಿಗೆ ಹಾಲು ಕುಡಿಸುವ ಒಳಲೆಯಲ್ಲಿ ಒಂದಿಷ್ಟು ಕುಡಿಸಿಬಿಡುವರು. ಕೂಸು ಅರ್ಧ ದಿನ ಮಿಸುಕಾಡದೆ ಮಲಗುತ್ತದೆ. ಅಮ್ಮಂದಿರು ಮಾಡಿದ್ದು, ಅಜ್ಜಿಯರು ಮಾಡಿದ್ದು. ತಪ್ಪು ಅಂತ ಯಾರಿಗೂ ಅನಿಸಿರಲಿಲ್ಲ. ಆದರೆ ಆ ಸಿಪ್ಪೆಯಲ್ಲಿರುವುದೂ ಅಫೀಮೇ. ಭೇದಿ ಕಟ್ಟಲು ಆ ಕಾಲದ ಡಾಕ್ಟ್ರುಗಳು ಬರೆಯುತ್ತಿದ್ದ ಔಷಧಿಯಲ್ಲೂ ಅಫೀಮಿನ ಹನಿ ಇರುತ್ತಿತ್ತು. ಎರಡೂ ಸೇರಿದರೆ ಕೈಗೂಸಿಗೆ ಉಸಿರು ನಿಂತೀತು. ನಮ್ಮ ಡಾಕ್ಟ್ರಿಗೆ ಇದು ಚೆನ್ನಾಗಿ ಗೊತ್ತಿತ್ತು. ಆ ಔಷಧಿ ಬರೆಯುವ ಮೊದಲು ಪ್ರತಿ ತಾಯಿಯನ್ನೂ ಕೇಳಿಯೇ ಬರೆಯುತ್ತಿದ್ದರು.

ಅವತ್ತೂ ಕೇಳಿದರು. "ಗಸಗಸೆ ಸಿಪ್ಪೆ ಏನಾದ್ರೂ ಕುಡಿಸಿದ್ದೀಯಾ? ನಿಜ ಹೇಳು. ಸುಳ್ಳು ಹೇಳಿದ್ರೆ ಅಲ್ಲಿ ಕೂರಿಸ್ತೀನಿ. ಆ ಜಾಗ ನಿಂಗೆ ಹೊಸದೇನಲ್ಲ."

ಕೋಣೆಯಲ್ಲಿದ್ದವರು ನಕ್ಕರು. ಮುನಿರತ್ನಮ್ಮ ಬೆಂಚಿನ ಕಡೆ ಒಂದು ಸಲ ನೋಡಿದಳು.

"ಇಲ್ಲ ಸ್ವಾಮಿ, ಏನೂ ಕೊಟ್ಟಿಲ್ಲ" ಎಂದಳು.

ಡಾಕ್ಟ್ರು ಚೀಟಿ ಬರೆದು ನನ್ನ ಕಿಟಕಿಗೆ ಕಳಿಸಿದರು. ಔಷಧಿ ಬೆರೆಸಿ ಕೊಡುವುದೂ ನನ್ನ ಕೆಲಸವೇ ಆಗಿತ್ತು. ಅವಳು ಕಿಟಕಿಯ ಸರಳಿಗೆ ಮುಖ ತಂದು, ಪಿಸುದನಿಯಲ್ಲಿ ಹೇಳಿದಳು. "ನರ್ಸಮ್ಮ, ನಿಮ್ಮ ದಮ್ಮಯ್ಯ, ಡಾಕ್ಟ್ರಿಗೆ ಹೇಳ್ಬ್ಯಾಡಿ. ಹೊರಡೋ ಮುಂಚೆ ಒಂದು ಒಳಲೆ ಕಷಾಯ ಕುಡಿಸಿವ್ನಿ. ಹುಳ ಎದ್ದೈತೆ, ಮನ್ಯಾಗೆ ಯಾರೂ ಕೈಬಿಡಂಗಿಲ್ಲ. ಅದ್ಕೂ ಇದ್ಕೂ ಏನಾರ ಆಗ್ತದಾ?"

ಈ ಪ್ರಶ್ನೆಗೆ ಉತ್ತರ ನನಗೆ ಗೊತ್ತಿತ್ತು. ಎದ್ದು ಹತ್ತು ಹೆಜ್ಜೆ ನಡೆದು ಡಾಕ್ಟ್ರಿಗೆ ಹೇಳಿದ್ದರೆ ಆಗುತ್ತಿತ್ತು. ಹೇಳಲಿಲ್ಲ. ಯಾಕೆ ಅಂದರೆ ಆವತ್ತು ಬೆಳಿಗ್ಗೆಯಷ್ಟೇ, ಸೂಜಿ ಸರಿಯಾಗಿ ಕುದಿಸಿಲ್ಲ ಅಂತ ಡಾಕ್ಟ್ರು ಎಲ್ಲರೆದುರು ನನ್ನ ಮೇಲೆ ಹರಿಹಾಯ್ದಿದ್ದರು. "ನೀನೊಂದು ಹೆತ್ತಿದ್ದಿದ್ರೆ ಗೊತ್ತಾಗಿರೋದು, ಚುಚ್ಚಿದ್ರೆ ಯಾರಿಗೆ ನೋಯುತ್ತೆ ಅಂತ" ಎಂದಿದ್ದರು. ಆ ಮಾತು ಎದೆಯಲ್ಲಿ ಕೆಂಡದ ಹಾಗೆ ಕೂತಿತ್ತು. ಈಗ ಹೋಗಿ ಹೇಳಿದರೆ ಮೊದಲು ಇವಳಿಗೆ ಬೀಳುತ್ತೆ, ಆಮೇಲೆ ನನಗೆ. ಆ ಮನುಷ್ಯನ ಮುಖ ನೋಡುವುದೇ ಬೇಡ ಅನಿಸಿತು. ಅಫೀಮಿನ ಹನಿ ಹಾಕದೆ ಬರೀ ಉಳಿದ ಔಷಧಿ ಬೆರೆಸಿ ಕೊಡಬಹುದಿತ್ತು. ಆದರೆ ಅವರು ಒಮ್ಮೊಮ್ಮೆ ಶೀಶೆ ತರಿಸಿ ಮೂಸಿ ನೋಡುತ್ತಿದ್ದರು. ಊರಿನ ಅರ್ಧ ಕೂಸುಗಳು ಈ ಕಷಾಯ ಕುಡಿದೇ ಬೆಳೆದಿವೆ, ಒಂದು ಒಳಲೆಗೆ ಏನಾದೀತು ಅಂತ ನನಗೆ ನಾನೇ ಹೇಳಿಕೊಂಡೆ.

"ಏನೂ ಆಗಲ್ಲ ಹೋಗಮ್ಮ" ಎಂದೆ. ಚೀಟಿಯಲ್ಲಿದ್ದ ಹಾಗೇ ಬೆರೆಸಿದೆ. ಮೊದಲ ಸಲದ್ದನ್ನು ನಾನೇ ಕೂಸಿನ ಬಾಯಿಗೆ ಹುಯ್ದೆ. ಚಪ್ಪರಿಸಿಕೊಂಡು ಕುಡಿಯಿತು.

ಮಧ್ಯಾಹ್ನ ಡಾಕ್ಟ್ರು ಊಟಕ್ಕೆ ಏಳುವ ಹೊತ್ತಿಗೆ ಗಾಡಿ ವಾಪಸ್ಸು ಬಂತು. ಅರ್ಧ ದಾರಿಯಲ್ಲಿ ಕೂಸಿನ ಕೈಕಾಲು ಜೋತುಬಿದ್ದಿತಂತೆ, ಮಾವ ಎತ್ತುಗಳನ್ನು ಹೊಡೆದುಕೊಂಡು ತಿರುಗಿಸಿದ್ದ. ಮುನಿರತ್ನಮ್ಮ ಕೂಸನ್ನು ಮೇಜಿನ ಮೇಲಿಟ್ಟಳು. ತುಟಿ ನೀಲಿಯಾಗಿತ್ತು. ಡಾಕ್ಟ್ರು ರೆಪ್ಪೆ ಬಿಡಿಸಿ ಕಣ್ಣು ನೋಡಿದರು. ಕಣ್ಣಪಾಪೆ ಸಾಸಿವೆ ಕಾಳಿಗಿಂತ ಸಣ್ಣದಾಗಿತ್ತು, ಅಫೀಮು ಏರಿದ ಗುರುತು. ಅವರು ಯಾರನ್ನೂ ಏನೂ ಕೇಳದೆ ಕೂಸಿನ ಬಾಯಿಗೆ ಬಾಯಿಟ್ಟು ಊದತೊಡಗಿದರು. ಊದಿದರು, ಎದೆ ಒತ್ತಿದರು, ಸೂಜಿ ಕೊಟ್ಟರು, ಮತ್ತೆ ಊದಿದರು. ಮುಕ್ಕಾಲು ಗಂಟೆ. ಅವರ ಬೆವರು ಕೂಸಿನ ಹಣೆ ಮೇಲೆ ಹನಿಯುತ್ತಿತ್ತು. ನಾನು ಪಕ್ಕದಲ್ಲಿ ನಿಂತು ಅದನ್ನು ಒರೆಸುತ್ತಿದ್ದೆ. ಕೂಸು ಏಳಲಿಲ್ಲ.

ಆಮೇಲೆ ತಲೆಯೆತ್ತಿ, "ಏನು ಕುಡಿಸಿದ್ದೆ?" ಎಂದರು.

"ಗಸಗಸೆ ಸಿಪ್ಪೆ, ಸ್ವಾಮಿ."

"ಕೇಳಿದ್ನಲ್ಲ ನಾನು! ಯಾಕೆ ಹೇಳ್ಲಿಲ್ಲ?"

ಅವಳು ಅಳುತ್ತಿರಲಿಲ್ಲ. "ನೀವು ಕೂರಿಸ್ತೀರ ಅಂತ" ಎಂದಳು.

ಡಾಕ್ಟ್ರು ಅವಳನ್ನೇ ನೋಡುತ್ತಾ ನಿಂತರು. ಮೇಜಿನ ಅಂಚು ಹಿಡಿದುಕೊಂಡು ನನ್ನ ಕಡೆ ತಿರುಗಿ, ಕೇಳಿದರು. "ನಿನಗೇನಾದ್ರೂ ಹೇಳಿದ್ಳಾ?"

ಮುನಿರತ್ನಮ್ಮ ಎರಡು ಮಾರು ದೂರದಲ್ಲಿ ನೆಲದ ಮೇಲೆ ಕುಸಿದು ಕೂತಿದ್ದಳು. ನನ್ನ ಮುಖವನ್ನೇ ನೋಡುತ್ತಿದ್ದಳು.

"ಇಲ್ಲ ಸಾರ್" ಎಂದೆ.

ಅವಳು ಬಾಯಿಬಿಟ್ಟಿದ್ದರೆ ನನ್ನ ಕತೆ ಅಲ್ಲಿಗೆ ಮುಗಿಯುತ್ತಿತ್ತು. ಬಿಡಲಿಲ್ಲ. ಹೇಳಬೇಡಿ ಅಂತ ಬೇಡಿಕೊಂಡವಳು ತಾನೇ ಅಂತ ಇದ್ದೀತು. ಇಲ್ಲಾ, ನರ್ಸಮ್ಮನ ಮಾತಿನ ಮುಂದೆ ತನ್ನ ಮಾತನ್ನು ಯಾರು ನಂಬುತ್ತಾರೆ ಅಂತ ಇದ್ದೀತು. ತಲೆ ತಗ್ಗಿಸಿದಳು ಅಷ್ಟೆ. ಮಾವ ಟವೆಲು ಬಿಚ್ಚಿ ಕೂಸನ್ನು ಸುತ್ತಿದ. ತೆಲುಗಿನಲ್ಲಿ, "ಲೇಮ್ಮಾ, ಪೋದಾಂ", ಏಳಮ್ಮ ಹೋಗೋಣ, ಅಂತ ಅವಳನ್ನು ಎಬ್ಬಿಸಿದ. ಬಾಗಿಲು ದಾಟುವಾಗ ಮತ್ತೊಂದು ಮಾತು ಹೇಳಿದ, ಕನ್ನಡದಲ್ಲಿ, ಯಾರಿಗೆ ಹೇಳಿದನೋ ಗೊತ್ತಿಲ್ಲ. "ಸೊಪ್ಪು ಹಾಕೋ ಹೊತ್ತು ಮೀರೋಯ್ತು." ಹುಳು ಅವರಿಗಾಗಿ ಕಾಯುವುದಿಲ್ಲವಲ್ಲ. ಅವಳು ಅವತ್ತು ಸಾಯಂಕಾಲವೇ ಸೊಪ್ಪಿನ ಮುಂದೆ ಕೂತಿರುತ್ತಾಳೆ, ನನಗೆ ಗೊತ್ತು.

ಮಾರನೆಯ ದಿನದಿಂದ ಡಾಕ್ಟ್ರು ಬೈಯುವುದನ್ನು ನಿಲ್ಲಿಸಿದರು. ಒಮ್ಮೆಗೇ, ನಲ್ಲಿ ತಿರುವಿದ ಹಾಗೆ. ಬಂದ ತಾಯಿಗೆ ಮೊದಲ ಮಾತೇ, "ಏನು ಕೊಟ್ಟಿದ್ರೂ ಹೇಳಮ್ಮ, ನಾನು ಬೈಯಲ್ಲ." ಮೊದಮೊದಲು ಹೆಂಗಸರಿಗೆ ನಂಬಿಕೆಯಿಲ್ಲ. ಇದೇನೋ ಹೊಸ ನಾಟಕ ಅಂತ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಆಮೇಲೆ ಒಬ್ಬೊಬ್ಬಳೇ ಬಾಯಿಬಿಟ್ಟಳು. ಸಿಪ್ಪೆ ಕುಡಿಸಿದ್ದು, ಬರೆ ಹಾಕಿದ್ದು, ಅತ್ತೆಗೆ ಹೆದರಿ ನೀರು ಕೊಡದೆ ಇದ್ದದ್ದು, ಗಂಡ ಬೇಡ ಅಂದದ್ದಕ್ಕೆ ನಾಲ್ಕು ದಿನ ತಡಮಾಡಿದ್ದು, ಎಲ್ಲ. ಡಾಕ್ಟ್ರು ಕೇಳಿಸಿಕೊಂಡು, "ಆಯ್ತು, ಇನ್ನು ಮುಂದೆ ಹೀಗೆ ಮಾಡೋಣ" ಅನ್ನುವರು. ಅತ್ತೆಯನ್ನು ಕರೆಸಿ, ಎದುರಿಗೆ ಕೂರಿಸಿಕೊಂಡು, ಉಪ್ಪು ಬೆಲ್ಲ ಹಾಕಿದ ನೀರನ್ನು ಹೇಗೆ ಚಮಚ ಚಮಚ ಕುಡಿಸಬೇಕು ಅಂತ ತಾವೇ ಮಾಡಿ ತೋರಿಸುವರು. ಬದುಕಿದ ಮಕ್ಕಳಿಗೆ ಲೆಕ್ಕವಿಲ್ಲ. ಅವು ಬದುಕಿದ್ದು ಔಷಧಿಯಿಂದ ಮಾತ್ರವಲ್ಲ, ತಾಯಂದಿರು ನಿಜ ಹೇಳಿದ್ದರಿಂದ.

ಸಭೆಯಲ್ಲಿ ಹೊಗಳಿದ್ದು ಈ ಮನುಷ್ಯನನ್ನು. ಈತ ಹುಟ್ಟಿದ್ದು ಯಾವ ಮೇಜಿನ ಮೇಲೆ ಅಂತ ನನಗೊಬ್ಬಳಿಗೇ ಗೊತ್ತು. ಅವರಿಗೆ ಅದು ಸುಲಭವಾಗಿರಲಿಲ್ಲ. ಯಾರಾದರೂ ಬರೆ ಹಾಕಿದ ಕೂಸು ತಂದರೆ ಅವರ ದವಡೆ ಬಿಗಿಯುವುದು ನನಗೆ ಕಾಣುತ್ತಿತ್ತು. ನನ್ನ ಮೇಲೂ ಒಂದು ದಿನ ರೇಗಲಿಲ್ಲ. ಶೀಶೆ ಒಡೆದರೆ, "ಪರವಾಗಿಲ್ಲ, ಕೈಗೆ ಪೆಟ್ಟಾಯ್ತೇನಮ್ಮ?" ಅನ್ನುವರು. ಅದನ್ನು ಕೇಳಿದರೆ ನನಗೆ ಮೈ ಉರಿಯುತ್ತಿತ್ತು. ಬೈದಿದ್ದರೆ ಎಷ್ಟೋ ವಾಸಿ.

ಮುನಿರತ್ನಮ್ಮ ಮತ್ತೊಂದೇ ಒಂದು ಸಲ ಬಂದಳು, ದೊಡ್ಡ ಮಗಳಿಗೆ ಕೆಮ್ಮು ಅಂತ. ಡಾಕ್ಟ್ರು ಅವಳನ್ನು ಕಂಡು ಎದ್ದು ನಿಂತರು, ಕೂರಲು ಅವರಿಗೆ ತೋಚಲಿಲ್ಲ. ಅವಳು ಮಗುವಿಗೆ ಕೊಟ್ಟದ್ದನ್ನೆಲ್ಲ ಒಂದೂ ಬಿಡದೆ ಒಪ್ಪಿಸಿದಳು. ಕಿಟಕಿಗೆ ಬಂದು ಶೀಶೆ ತೆಗೆದುಕೊಂಡು, ಬಿಸಿಲಿಗೆ ಹಿಡಿದು ನೋಡಿ, "ಇದ್ರಾಗೆ ಏನೈತೆ ನರ್ಸಮ್ಮ?" ಎಂದು ಕೇಳಿದಳು. ನಾನು ಒಂದೊಂದಾಗಿ ಹೇಳಿದೆ. "ನೀವೂ ಒಂದು ಗುಟುಕು ಕುಡೀರಿ" ಎಂದಳು. ಕುಡಿದೆ. ನಾನು ನುಂಗುವ ತನಕ ನೋಡಿ, ಮಗಳ ಕೈ ಹಿಡಿದುಕೊಂಡು ಹೊರಟುಹೋದಳು.

ಡಾಕ್ಟ್ರು ಊರು ಬಿಟ್ಟದ್ದು ಅರವತ್ತರ ದಶಕದ ಕೊನೆಗೆ. ಹೃದಯದ ಕಾಯಿಲೆ ಶುರುವಾಗಿತ್ತು, ಮೈಸೂರಿನಲ್ಲಿದ್ದ ತಂಗಿಯ ಮನೆಗೆ ಹೊರಟರು. ಹೊರಡುವ ದಿನ ಬೆಳಿಗ್ಗೆ ಸಾಮಾನೆಲ್ಲ ಕಟ್ಟಿಯಾಗಿತ್ತು. ಖಾಲಿ ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ಅವರು ಗೋಡೆಗೊರಗಿ ನಿಂತು, ನನ್ನ ಕಡೆ ನೋಡದೆ, ಹೇಳಿದರು.

"ಅವತ್ತು ಆ ಹೆಣ್ಣುಮಗಳು ಕಿಟಕಿ ಹತ್ರ ನಿನ್ನ ಜೊತೆ ತುಂಬಾ ಹೊತ್ತು ಮಾತಾಡ್ತಿದ್ಳು. ನಾನು ಇಲ್ಲಿಂದ ನೋಡಿದ್ದೆ. ಏನು ಹೇಳ್ತಿದ್ಳು ಅಂತ ಇಷ್ಟು ವರ್ಷ ಕೇಳ್ಬೇಕು ಅಂತಿದ್ದೆ. ಅವಳು ನಿನಗೆ ಹೇಳಿದ್ದಿದ್ರೂ ನಾನು ಬೇಜಾರು ಮಾಡ್ಕೊಳ್ಳಲ್ಲಮ್ಮ. ಒಬ್ಬರಿಗಾದ್ರೂ ಹೇಳುವಷ್ಟು ಧೈರ್ಯ ಈ ಮನೆಯಲ್ಲಿ ಅವಳಿಗಿತ್ತು ಅಂತ ಗೊತ್ತಾದ್ರೆ ಸಾಕು ನಂಗೆ."

ಅಂಗಲಾಚುವ ದನಿ ಅದು. ಹೌದು ಸಾರ್, ಹೇಳಿದ್ಳು, ಕೊಂದದ್ದು ನಾನು ಅಂದಿದ್ದರೆ ಆ ಮನುಷ್ಯನ ಅರ್ಧ ಭಾರ ಇಳಿಯುತ್ತಿತ್ತು. ನಾಲಿಗೆ ತುದಿಯ ತನಕ ಬಂತು. ನಿಜ ಗೊತ್ತಾದರೆ ಅವರು ಮತ್ತೆ ಮೊದಲಿನ ಹಾಗೆ ಆಗಿಬಿಡುತ್ತಾರೆ, ಮಕ್ಕಳ ಒಳ್ಳೆಯದಕ್ಕೇ ಮುಚ್ಚಿಟ್ಟಿದ್ದೇನೆ ಅಂತ ಅಲ್ಲಿಯ ತನಕ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಆದರೆ ಅವತ್ತು ಅವರು ಊರೇ ಬಿಟ್ಟು ಹೊರಟಿದ್ದರು. ಆ ನೆವವೂ ಉಳಿದಿರಲಿಲ್ಲ. ಅವರು ಬೈಯುವುದಿಲ್ಲ ಅಂತಲೂ ಗೊತ್ತಿತ್ತು. "ಪರವಾಗಿಲ್ಲಮ್ಮ" ಅಂದುಬಿಡುತ್ತಾರೆ. ಆ ಮಾತನ್ನು ಅವರ ಬಾಯಲ್ಲಿ ಕೇಳಿಸಿಕೊಂಡು ಬದುಕುವುದು ನನ್ನಿಂದಾಗದು ಅನಿಸಿತು. ಅದಕ್ಕಿಂತ ಇವರೇ ಹೊತ್ತುಕೊಳ್ಳಲಿ ಅಂದುಕೊಂಡೆ.

"ಔಷಧಿ ಎಷ್ಟು ಹೊತ್ತಿಗೊಂದ್ಸಲ ಕೊಡ್ಬೇಕು ಅಂತ ಕೇಳ್ತಿದ್ಳು ಸಾರ್" ಎಂದೆ.

ಅವರು ತಲೆಯಾಡಿಸಿದರು. "ಹಾಗಾದ್ರೆ ನಾನೇ" ಎಂದರು.

"ಹೌದು ಸಾರ್" ಎಂದೆ ನಾನು.